ಕೊನೇ ದಿನದ ಯಜಮಾನರು

ಶೃಂಗೇರಿ, ಹೊರನಾಡು, ಧರ್ಮಸ್ಥಳ, ಕುಕ್ಕೆ, ಉಡುಪಿ ಎಲ್ಲ ಮುಗಿಸಿ, ರಾತ್ರಿ ಹತ್ತರ ಬೆಂಗಳೂರು ಬಸ್ಸು ಹತ್ತುವುದರೊಳಗೆ ಮಂಗಳೂರನ್ನೂ 'ಒಂದು ರೌಂಡ್ ಹಾಕಿಬಿಡುವ' ಗೃಹಸ್ಥರೇ ಕೊನೇ ದಿನದ ಯಜಮಾನರು. ವಯಸ್ಸು ಐವತ್ತರ ಆಸುಪಾಸು. ಇವರ ಸಂತತಿ ಬೆಂಗಳೂರಿನಲ್ಲಿ ಹೆಚ್ಚು. ಮೈಸೂರು, ತುಮಕೂರಿನಲ್ಲೂ ಕಡಿಮೆಯೇನಿಲ್ಲ. ದಸರಾ ರಜೆಯಲ್ಲಿ, ಮೇ ತಿಂಗಳಲ್ಲಿ, ಭಾನುವಾರಕ್ಕೆ ಇನ್ನೊಂದು ರಜೆ ಅಂಟಿಕೊಂಡಾಗ ಕರಾವಳಿಗೆ ಇಳಿಯುತ್ತಾರೆ. ಹಣೆಯ ಮೇಲೆ ಮೂರು ಕ್ಷೇತ್ರಗಳ ಕುಂಕುಮ, ಅಂಗಿಯ ಜೇಬಿನಲ್ಲಿ ನಾಲ್ಕಾಗಿ ಮಡಿಸಿದ ಪಟ್ಟಿ, ಮೂರು ನಿಮಿಷಕ್ಕೊಮ್ಮೆ ತಾನಾಗಿ ಮೇಲೇಳುವ ಎಡಗೈ: ಗುರುತಿಗೆ ಇಷ್ಟು ಸಾಕು.

ದಿನ ಶುರುವಾಗುವುದು ಲಾಡ್ಜ್ ಖಾಲಿ ಮಾಡುವುದರಿಂದ. ಮನೆ ಬಿಡುವಾಗ ನಾಲ್ಕಿದ್ದ ಬ್ಯಾಗು ಈಗ ಒಂಬತ್ತು. ಪ್ರಸಾದದ್ದೇ ಒಂದು ಚೀಲ, ಹಲಸಿನ ಹಪ್ಪಳದ ಕಟ್ಟು, ಉಡುಪಿಯಲ್ಲಿ ಕೊಂಡ ಮಟ್ಟುಗುಳ್ಳ, ಎಲ್ಲಕ್ಕಿಂತ ಮೇಲೆ ಎರಡು ಕಡ್ಡಿಪೊರಕೆ. ಪೊರಕೆಗೆ ಆ ಕಡೆ ಹಿಡಿಸೂಡಿ ಎನ್ನುತ್ತಾರೆ. 'ಬೆಂಗಳೂರಲ್ಲಿ ಇಂಥ ಗಟ್ಟಿ ಕಡ್ಡೀದು ಸಿಗಲ್ಲ ರೀ' ಎಂದು ಯಜಮಾನಿತಿ ಆರಿಸಿ ತಂದವು. ಬಾಡಿಗೆ ಕಾರಿನ ಡಿಕ್ಕಿಯಲ್ಲಿ ಬ್ಯಾಗುಗಳೆಲ್ಲ ಹಿಡಿಸಿದರೂ ಇವೆರಡು ಹಿಡಿಸುವುದಿಲ್ಲ. ಆದ್ದರಿಂದ ಅವು ಹಿಂದಿನ ಸೀಟಿನಲ್ಲಿ ಅಜ್ಜಿಯ ಮಡಿಲೇರಿ ಊರು ನೋಡಲು ಹೊರಡುತ್ತವೆ. ಕಾರಿನ ಕರಾರು ಎಂಟು ಗಂಟೆ, ಎಂಬತ್ತು ಕಿಲೋಮೀಟರ್. ಯಜಮಾನರ ಪಟ್ಟಿಯಲ್ಲಿ ಹನ್ನೊಂದು ಜಾಗ. ಪಿಲಿಕುಳಕ್ಕೆ ಸೋಮವಾರ ರಜೆಯೆಂದು ಡ್ರೈವರ್ ಹೇಳಿದ ಕೂಡಲೇ ಅದು ಹತ್ತಾಗುತ್ತದೆ. ಅವರ ಮುಖದಲ್ಲಿ ಬೇಸರಕ್ಕಿಂತ ನೆಮ್ಮದಿಯೇ ಹೆಚ್ಚು.

ಮಂಗಳೂರು ಎಂಥ ನೆಲದ ಮೇಲಿದೆ ಎಂಬುದನ್ನು ಅಲ್ಲಿನ ಹೆಸರುಗಳೇ ಹೇಳುತ್ತವೆ. ಬಾವುಟಗುಡ್ಡೆ, ಮಣ್ಣಗುಡ್ಡೆ ಎಂದರೆ ಏರು. ಕೊಡಿಯಾಲಬೈಲಿನ ಬೈಲು ಎಂದರೆ ತಗ್ಗಿನ ಗದ್ದೆ. ಪದವಿನಂಗಡಿಯ ಪದವು ಎಂದರೆ ಗುಡ್ಡದ ನೆತ್ತಿಯ ಮುರಕಲ್ಲಿನ ಬಯಲು. ನೇತ್ರಾವತಿ, ಗುರುಪುರ ನದಿಗಳ ನಡುವೆ ಊರು ಹೀಗೆ ಹತ್ತಿ ಇಳಿದು ಕೂತಿದೆ. ಯಜಮಾನರ ಕೈಯಲ್ಲಿರುವ ಮೊಬೈಲ್ ನಕ್ಷೆಯಲ್ಲಿ ಮಾತ್ರ ಊರು ದೋಸೆಯಂತೆ ಚಪ್ಪಟೆ. 'ಎರಡೇ ಕಿಲೋಮೀಟರ್ ತೋರಿಸ್ತಿದೆಯಲ್ಲಪ್ಪ, ನಡೆದೇ ಬಿಡೋಣ' ಎಂದು ಅವರು ಇಳಿಯುತ್ತಾರೆ. ದಾರಿ ಕೇಳಿದರೆ ಅಂಗಡಿಯವರು ಎಡ, ಬಲ ಎನ್ನುವುದಿಲ್ಲ. 'ಇಲ್ಲೇ ಹತ್ರ ಉಂಟು ಮಾರಾಯ್ರೆ, ಹೀಗೆ ಕೆಳಗೆ ಇಳಿದು ಆಚೆ ಮೇಲೆ ಹತ್ತಿದ್ರೆ ಆಯ್ತು' ಎನ್ನುತ್ತಾರೆ. ಈ ಮಾತಿನಲ್ಲಿ ಒಂದಕ್ಷರವೂ ಸುಳ್ಳಲ್ಲ. ಅರ್ಧ ಏರಿನಲ್ಲಿ ಅಂಗಿ ಬೆನ್ನಿಗೆ ಅಂಟಿದ ಮೇಲೆ ಯಜಮಾನರು ಕಾರಿಗೆ ಫೋನ್ ಮಾಡುತ್ತಾರೆ.

ಎದುರಾಗುವ ಸಿಟಿ ಬಸ್ಸುಗಳ ನಿರ್ವಾಹಕರು 'ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್' ಎಂದು ಕೂಗುತ್ತಿರುತ್ತಾರೆ. ಅದು ಬಸ್ ನಿಲ್ದಾಣದ ಹೆಸರು. 'ಇಡೀ ಊರೇ ಬ್ಯಾಂಕಿಗೆ ಹೋಗ್ತಿದೆ ನೋಡು' ಎಂದು ಯಜಮಾನರು ಮಗನಿಗೆ ವಿವರಿಸುತ್ತಾರೆ. ಪಾಪ, ಅವರ ಊಹೆ ತೀರಾ ಬುಡವಿಲ್ಲದ್ದೇನಲ್ಲ. ಕೆನರಾ ಬ್ಯಾಂಕ್ 1906ರಲ್ಲಿ, ಕರ್ನಾಟಕ ಬ್ಯಾಂಕ್ 1924ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ.

1837ರ ರೈತ ದಂಗೆಯವರು ತಮ್ಮ ಬಾವುಟ ಹಾರಿಸಿದ ಗುಡ್ಡ ಬಾವುಟಗುಡ್ಡೆ. ಅಲ್ಲೇ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಇದೆ. ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೇನಿ ಎಂಬ ಜೆಸ್ವಿಟ್ ಬ್ರದರ್ 1899ರಲ್ಲಿ ಕುಂಚ ಹಿಡಿದು ಸುಮಾರು ಎರಡು ವರ್ಷ ಅದರ ಗೋಡೆ, ಚಾವಣಿಗಳನ್ನು ಚಿತ್ರಗಳಿಂದ ತುಂಬಿದರು. ಗೋಡೆಯವು ಹಸಿ ಗಾರೆಯ ಮೇಲೆ ಬರೆದವು, ಚಾವಣಿಯವು ಕ್ಯಾನ್ವಾಸಿನವು. ಯಜಮಾನರು ಅದಕ್ಕೆ ಕೊಡುವ ಸಮಯ ಹನ್ನೊಂದು ನಿಮಿಷ. ಕತ್ತೆತ್ತಿ ನೋಡಿ ಅವರು ಕೇಳುವ ಮೊದಲ ಪ್ರಶ್ನೆ: 'ಆ ಕಾಲಕ್ಕೇ ಎಷ್ಟು ಖರ್ಚಾಗಿರಬಹುದು?' ಎರಡನೆಯದು, ಫ್ಯಾನು ಎಲ್ಲಿದೆ. ಒಳಗೆ ಫೋಟೋ ತೆಗೆಯುವಂತಿಲ್ಲ. ತೆಗೆಯದ ಮೇಲೆ ನೋಡಿದ್ದಕ್ಕೆ ಸಾಕ್ಷಿ ಏನು? ಹೊರಗಿನ ಮೆಟ್ಟಿಲ ಮೇಲೆ ಸಂಸಾರವನ್ನು ಸಾಲಾಗಿ ನಿಲ್ಲಿಸಿ ಆ ಕೊರತೆ ತುಂಬಿಕೊಳ್ಳುತ್ತಾರೆ. ಪೊರಕೆಗಳೂ ಫೋಟೋದಲ್ಲಿ ಬೀಳುತ್ತವೆ. ಕಾರಿನಲ್ಲಿ ಬಿಟ್ಟರೆ ಕಡ್ಡಿ ಮುರಿದೀತೆಂದು ಅಜ್ಜಿ ಅವನ್ನು ಇಳಿಸಿಕೊಂಡೇ ಬಂದಿರುತ್ತಾರೆ.

1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಕುದ್ರೋಳಿ ಗೋಕರ್ಣನಾಥನಿಗೆ ಮಧ್ಯಾಹ್ನ ಬಾಗಿಲು ಹಾಕುವ ಮುಂಚೆ ಓಡೋಡಿ ಕೈಮುಗಿದದ್ದಾಯಿತು. ಊಟವಾದ ಮೇಲೆ ಸುಲ್ತಾನ್ ಬತ್ತೇರಿ. ಗುರುಪುರ ನದಿಯಲ್ಲಿ ಯುದ್ಧದ ಹಡಗುಗಳು ನುಗ್ಗದಂತೆ ಕಾಯಲು ಟಿಪ್ಪು 1784ರಲ್ಲಿ ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಬುರುಜು ಅದು. ಚಿತ್ರದುರ್ಗದಂಥ ಕೋಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದ ಯಜಮಾನರ ವಿಮರ್ಶೆ ಒಂದೇ ಪದದ್ದು: 'ಇಷ್ಟೇನಾ?' ಕೆಳಗೆ ದೋಣಿ ಇರುತ್ತದೆ, ಆಚೆ ದಡದಲ್ಲಿ ತಣ್ಣೀರುಬಾವಿ. ಇಡೀ ಪ್ರವಾಸದಲ್ಲಿ ಅಜ್ಜಿ ಬಾಯಿಬಿಟ್ಟು ಕೇಳಿದ್ದು ಆ ದೋಣಿಯೊಂದನ್ನೇ. 'ಟೈಮಿಲ್ಲಮ್ಮ, ಮುಂದಿನ ಸಲ' ಎಂಬ ಉತ್ತರ ಬರುತ್ತದೆ. ಮುಂದಿನ ಸಲವೂ ಮಂಗಳೂರು ಕೊನೇ ದಿನಕ್ಕೇ ಬರುವುದು.

ಪಣಂಬೂರಿನಲ್ಲಿ ಮಕ್ಕಳು ನೀರಿಗೆ ಓಡುವಾಗ ಯಜಮಾನರಿಗೆ ಒಂದು ತಾತ್ವಿಕ ಸಂಶಯ ಏಳುತ್ತದೆ. ನಿನ್ನೆ ಮಲ್ಪೆಯಲ್ಲಿ ನೋಡಿದ್ದೂ ಇದೇ ಸಮುದ್ರವಲ್ಲವೇ? ಭೂಗೋಳದ ಪ್ರಕಾರ ಹೌದು. ಸೂರ್ಯಾಸ್ತಕ್ಕೆ ಇಪ್ಪತ್ತು ನಿಮಿಷ ಕಾಯುವುದು, ಕೊನೆಯ ಐದು ನಿಮಿಷ ಸೂರ್ಯ ಮೋಡದ ಹಿಂದೆ ಸರಿಯುವುದು, ಮರಳು ತುಂಬಿದ ಮಕ್ಕಳ ಪ್ಯಾಂಟಿನ ವಿಷಯದಲ್ಲಿ ಗಂಡಹೆಂಡಿರಿಗೆ ಮಾತು ನಿಲ್ಲುವುದು, ಇವು ವಾಡಿಕೆ. ಮಾತು ಮತ್ತೆ ಶುರುವಾಗಬೇಕಾದರೆ ಐಸ್‌ಕ್ರೀಮ್ ಅಂಗಡಿಯೇ ಆಗಬೇಕು. ಉದ್ದ ಗ್ಲಾಸಿನಲ್ಲಿ ಜೆಲ್ಲಿ, ಹಣ್ಣು, ಗೋಡಂಬಿ, ಎರಡು ಮೂರು ಬಗೆಯ ಐಸ್‌ಕ್ರೀಮು ಪದರ ಪದರವಾಗಿ ಬರುವ ಆ ತಿಂಡಿಯ ಹೆಸರೇ ಗಡ್‌ಬಡ್, ಅಂದರೆ ಗಡಿಬಿಡಿ. ಊರಿನವರು ಅದನ್ನು ಮುಕ್ಕಾಲು ಗಂಟೆ ಕೂತು ತಿನ್ನುತ್ತಾರೆ. ಹೆಸರಿಗೆ ತಕ್ಕಂತೆ ತಿನ್ನುವವರು ಯಜಮಾನರೊಬ್ಬರೇ.

ಕೊನೆಯದು ಕದ್ರಿ. ಕಾರಿನ ಎಂಟು ಗಂಟೆ ಅಲ್ಲಿಗೆ ಸರಿಯಾಗಿ ತೀರುವುದರಿಂದ, ಬಿಜೈ ಬಸ್ ನಿಲ್ದಾಣ ಹತ್ತಿರವೆಂದು ಕಾರನ್ನು ಅಲ್ಲೇ ಬಿಟ್ಟುಬಿಡುತ್ತಾರೆ. ಸಾಮಾನೆಲ್ಲ ಚಪ್ಪಲಿ ಬಿಡುವ ಜಾಗದ ಪಕ್ಕಕ್ಕೆ ಇಳಿಯುತ್ತದೆ. ಒಳಗೆ ಮೂರು ಮುಖ, ಆರು ಕೈಗಳ ಕಂಚಿನ ಲೋಕೇಶ್ವರ. ಆಳುಪ ದೊರೆ ಕುಂದವರ್ಮ ಮಾಡಿಸಿದ್ದೆಂದು ಪೀಠದಲ್ಲಿ ಬರೆದಿದೆ, ಇಸವಿ 968. ಯಜಮಾನರು ಪ್ರದಕ್ಷಿಣೆ ಹಾಕುತ್ತಲೇ ಪಟ್ಟಿಯಲ್ಲಿ ಹತ್ತನೆಯ ಗೆರೆ ಎಳೆಯುತ್ತಾರೆ. ಹೊರಗೆ ಬಂದು ಬ್ಯಾಗು ಎಣಿಸುತ್ತಾರೆ: ಒಂಬತ್ತು. ಎರಡು ಆಟೋಗಳಲ್ಲಿ ಹೊರಟರೆ ಬಸ್ಸಿಗೆ ಇನ್ನೂ ಒಂದು ಗಂಟೆ ಮಿಕ್ಕಿರುತ್ತದೆ. ಆ ಒಂದು ಗಂಟೆ ಅವರು ನಿಲ್ದಾಣದ ಕುರ್ಚಿಯಲ್ಲಿ ಕೂತು ಗಡಿಯಾರ ನೋಡುತ್ತಾರೆ.

ಮರುದಿನ ಆಫೀಸಿನಲ್ಲಿ ಮಂಗಳೂರು ಹೇಗಿತ್ತು ಎಂದರೆ 'ಸೆಕೆ ಮಾರಾಯ್ರೆ' ಎನ್ನುತ್ತಾರೆ. ಈ 'ಮಾರಾಯ್ರೆ' ಒಂದು ವಾರ ಬಾಳುತ್ತದೆ. ಪೊರಕೆ ಎಲ್ಲಿ ಎಂದು ಅಜ್ಜಿ ಕೇಳುವುದು ಸಕಲೇಶಪುರ ದಾಟಿದ ಮೇಲೆ, ನಡುರಾತ್ರಿ. ಬ್ಯಾಗುಗಳ ಲೆಕ್ಕದಲ್ಲಿ ಅವು ಸೇರಿರಲಿಲ್ಲ. ಕದ್ರಿಯಲ್ಲಿ ಬೆಳಗಿನ ಕಸ ಗುಡಿಸಲು ಬಂದವರಿಗೆ ಆ ಹೊತ್ತಿಗೆ ಎರಡು ಹೊಸ ಹಿಡಿಸೂಡಿ ಕಾದಿರುತ್ತವೆ.