ತೊಡೆ ಮೇಲೆ ಮಲಗಿದ ಗಿಟಾರು

ಗಿಟಾರನ್ನು ಎದೆಗವಚಿಕೊಳ್ಳದೆ ತೊಡೆಯ ಮೇಲೆ ಅಂಗಾತ ಮಲಗಿಸಿ, ಬೆರಳಿನಿಂದ ತಂತಿ ಒತ್ತುವ ಬದಲು ಉಕ್ಕಿನ ತುಂಡೊಂದನ್ನು ಅದರ ಮೇಲೆ ಜಾರಿಸುತ್ತ ನುಡಿಸುವ ಕ್ರಮಕ್ಕೆ ಹವಾಯಿಯನ್ ಗಿಟಾರ್, ಸ್ಟೀಲ್ ಗಿಟಾರ್, ಸ್ಲೈಡ್ ಗಿಟಾರ್ ಎಂದೆಲ್ಲ ಹೆಸರಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಅದಕ್ಕೆ ಹೆಸರಿಲ್ಲ, ಒಂದು ಪ್ರಶ್ನೆ ಮಾತ್ರ ಇದೆ: “ಇದನ್ಯಾಕ ಮಲಗಿಸೀರಿ ಸರ್ರ? ಆರಾಮಿಲ್ಲೇನು?”

ಈ ವಾದ್ಯ ಕಲಿಯಹೊರಟವನಿಗೆ ಮೊದಲು ಬರುವುದು ಸ್ವರವಲ್ಲ, ಚರಿತ್ರೆ. ಅದನ್ನು ಕೇಳದೆ ಹಾಲು ಹಾಕುವವನೂ ಕ್ಯಾನು ಎತ್ತುವಂತಿಲ್ಲ. ಹವಾಯಿಯ ಓವಾಹು ದ್ವೀಪದ ಜೋಸೆಫ್ ಕೆಕುಕು ಎಂಬ ಹುಡುಗ 1880ರ ದಶಕದಲ್ಲಿ ರೈಲು ಹಳಿಯ ಬೋಲ್ಟೊಂದನ್ನು ತಂತಿಗೆ ತಾಗಿಸಿದ್ದರಿಂದ ಇದು ಹುಟ್ಟಿತೆಂದು ಕತೆ. ಭಾರತದಲ್ಲಿ ಹುಟ್ಟಿ ಹೊನೊಲುಲು ಸೇರಿದ ಗೇಬ್ರಿಯಲ್ ಡೇವಿಯನ್ ಎಂಬಾತ ಅವನಿಗೂ ಮೊದಲೇ ಹೀಗೆ ನುಡಿಸುತ್ತಿದ್ದ ಎಂಬ ವಾದವೂ ಇದೆ. ಕಲಿಯುವವನಿಗೆ ಈ ಎರಡನೆಯದರಲ್ಲೇ ನಂಬಿಕೆ. ಡೇವಿಯನ್ ಹುಟ್ಟಿದ್ದು ಕೃಷ್ಣೆಯ ದಂಡೆಯಲ್ಲೇ ಇರಬೇಕು ಎನ್ನುವ ತನಕ ಆ ನಂಬಿಕೆ ಬೆಳೆಯುತ್ತದೆ. ಆಮೇಲೆ 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲೆಸಿದ ಗಿಟಾರ್ ವಾದಕ ಟಾವ್ ಮೋ, ಹಿಂದಿ ಸಿನಿಮಾ ಹಾಡುಗಳನ್ನು ಈ ಗಿಟಾರಿಗೆ ಇಳಿಸಿ ರೆಕಾರ್ಡು ಮಾಡಿದ ಸುನೀಲ್ ಗಂಗೂಲಿ, 1967ರ ‘ಕಾಲ್ ಆಫ್ ದಿ ವ್ಯಾಲಿ’ ಆಲ್ಬಮ್ಮಿನಲ್ಲಿ ಸಂತೂರು, ಕೊಳಲುಗಳ ಪಕ್ಕ ಗಿಟಾರಿಗೆ ಮಣೆ ಹಾಕಿಸಿದ ಬ್ರಿಜ್ ಭೂಷಣ್ ಕಾಬ್ರಾ, ಇದೇ ಗಿಟಾರಿನ ಮಾರ್ಪಾಡಾದ ಮೋಹನವೀಣೆಗೆ 1994ರಲ್ಲಿ ಗ್ರ್ಯಾಮಿ ತಂದ ವಿಶ್ವಮೋಹನ ಭಟ್. ಇಷ್ಟು ಮುಗಿಯುವ ಹೊತ್ತಿಗೆ ಹಾಲು ಒಡೆಯದಿದ್ದರೆ ಅದು ಎಮ್ಮೆಯ ಪುಣ್ಯ.

ವಾದ್ಯಕ್ಕೆ ಬೇಕಾದ ಸಾಮಾನು ಹೆಚ್ಚಿಲ್ಲ. ಮಾಮೂಲಿ ಗಿಟಾರೇ ಸಾಕು, ತಂತಿಗಳನ್ನು ಮಾತ್ರ ಪಟ್ಟಿಯಿಂದ ಮೇಲಕ್ಕೆ ಎತ್ತಬೇಕು. ಎತ್ತದಿದ್ದರೆ ಉಕ್ಕು ಪಟ್ಟಿಯ ಮೇಲಿನ ಲೋಹದ ಗೆರೆಗಳಿಗೆ ಬಡಿದು ಬಾಣಲೆ ಕೆರೆದ ಸದ್ದಾಗುತ್ತದೆ. ಈ ಕೆಲಸಕ್ಕೆ ಇಲ್ಲಿಯವರಿಗೆ ದೂರ ಹೋಗುವ ಅಗತ್ಯವಿಲ್ಲ. ತಂಬೂರಿ, ಸಿತಾರಿಗೆ ದೇಶಕ್ಕೇ ಹೆಸರಾದ, ಗಾಯಕ ಅಬ್ದುಲ್ ಕರೀಂ ಖಾನರು ಬಾಳಿದ ಮಿರಜ್ ಊರು ಕಾಗವಾಡದಿಂದ ಅರ್ಧ ತಾಸಿನ ದಾರಿ. ಉಕ್ಕಿನ ತುಂಡಿಗಂತೂ ಊರು ದಾಟಬೇಕಾಗಿಯೇ ಇಲ್ಲ. ಕಬ್ಬಿನ ಸೀಮೆಯ ಯಾವ ಗ್ಯಾರೇಜಿನಲ್ಲೂ ಟ್ರ್ಯಾಕ್ಟರಿನ ಹಳೆಯ ಪಿಸ್ಟನ್ ಪಿನ್ ಸಿಗುತ್ತದೆ. ದುಂಡಗೆ, ನುಣ್ಣಗೆ, ಅಂಗೈಯಲ್ಲಿ ಹಿತವಾಗಿ ಕೂರುವಷ್ಟು ಭಾರ. ಮಿಸ್ತ್ರಿ ಅದಕ್ಕೆ ದುಡ್ಡು ಕೇಳುವುದಿಲ್ಲ, ಯಾವ ಗಾಡಿಗೆ ಹಾಕುತ್ತೀರಿ ಎಂದಷ್ಟೇ ಕೇಳುತ್ತಾನೆ.

ಕಷ್ಟ ಶುರುವಾಗುವುದು ಪಂಚಮದಲ್ಲಿ. ಇಲ್ಲಿ ಕಲಿಯುವವರ ಒಂದು ಮಾದರಿಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು: ಚಿಕ್ಕೋಡಿಯ ನಿವೃತ್ತ ಗಣಿತದ ಮಾಸ್ತರರೊಬ್ಬರು. ಹತ್ತಿರದಿಂದ ಎಂದರೆ ಒಂಬತ್ತಿಂಚಿನ ಗೋಡೆಯ ಈಚೆಯಿಂದ. ಈಚೆಯ ಮನೆಯಲ್ಲಿ ಬರವಣಿಗೆಯ ಚಟದ ಮನುಷ್ಯನೊಬ್ಬ ಇದ್ದಾನೆ. ಅವನ ಪುಸ್ತಕ ಮುಗಿಯದಿರುವುದಕ್ಕೆ ಈ ಗಿಟಾರೇ ಕಾರಣವೆಂದು ಅವನು ಹೇಳಿಕೊಂಡು ತಿರುಗುತ್ತಾನೆ. ಗಿಟಾರು ಬಂದು ಎರಡು ವರ್ಷ, ಪುಸ್ತಕ ನಿಂತು ಏಳು ವರ್ಷ ಎಂಬುದು ಬೇರೆ ಮಾತು.

65 ಸೆಂಟಿಮೀಟರ್ ಉದ್ದದ ತಂತಿಯಲ್ಲಿ ಪಂಚಮ ಇರುವುದು ಮೂರನೇ ಒಂದು ಭಾಗಕ್ಕೆ, ಅಂದರೆ ತಲೆಯ ಕಡೆಯಿಂದ ಸುಮಾರು 21.7 ಸೆಂಟಿಮೀಟರಿಗೆ. ಬೆರಳಿನ ಗಿಟಾರಿನಲ್ಲಿ ಎರಡು ಗೆರೆಗಳ ನಡುವೆ ಎಲ್ಲಿ ಒತ್ತಿದರೂ ಸ್ವರ ತಾನಾಗಿ ಸರಿಹೋಗುತ್ತದೆ. ಇಲ್ಲಿ ಉಕ್ಕು ಗೆರೆಯ ನೆತ್ತಿಯ ಮೇಲೇ ನಿಲ್ಲಬೇಕು. ಅರ್ಧ ಸೆಂಟಿಮೀಟರ್ ಹಿಂದೆ ನಿಂತರೆ ಸ್ವರ ಅರ್ಧಸ್ವರದ ಐದನೇ ಒಂದು ಪಾಲು ಇಳಿಯುತ್ತದೆ. ಮಾಸ್ತರರು ಗೆರೆಯನ್ನು ಕನ್ನಡಕದ ಕೆಳಗಣ್ಣಿನಿಂದ ಓರೆಯಾಗಿ ನೋಡುತ್ತಾರೆ, ಓರೆ ನೋಟಕ್ಕೆ ಉಕ್ಕು ಗೆರೆ ಮುಟ್ಟಿದಂತೆಯೇ ಕಾಣುತ್ತದೆ. ಹೀಗೆ ರಾತ್ರಿ ಒಂಬತ್ತಕ್ಕೆ ‘ಸಾ’ ಹೊರಡುತ್ತದೆ. ರಿಷಭ ದಾಟಿ, ಗಾಂಧಾರ ದಾಟಿ, ಬೇಡವಾದ ಮಧ್ಯಮವನ್ನೂ ಸವರಿಕೊಂಡು ಏರುತ್ತ, ಏರುತ್ತ, ಪಂಚಮದ ಹೊಸ್ತಿಲಿಗೆ ಬಂದು ನಿಂತುಬಿಡುತ್ತದೆ. ಒಳಗೆ ಬರುವುದಿಲ್ಲ. ಬಸ್‌ಸ್ಟ್ಯಾಂಡಿನ ಹೊರಗೇ ನಿಂತ ಕೆಂಪು ಬಸ್ಸಿನ ಹಾಗೆ ಅಲ್ಲೇ ಗುರುಗುಡುತ್ತದೆ. ಗೋಡೆಯ ಈಚೆಯವನು ಪೆನ್ನು ಹಿಡಿದು ಉಸಿರು ಬಿಗಿಹಿಡಿದಿರುತ್ತಾನೆ. ‘ಇನ್ನೊಂದೀಟು, ಇನ್ನೊಂದೀಟು’ ಎಂದು ಅವನ ಕತ್ತು ಮೇಲಕ್ಕೆ ಚಾಚುತ್ತದೆ. ಸ್ವರ ಮತ್ತೆ ‘ಸಾ’ಗೆ ಇಳಿಯುತ್ತದೆ. ಗಡ್ಡ ಕೆರೆಯುವಾಗ, ಸಂತೆಯಲ್ಲಿ ಬದನೆಕಾಯಿ ಆರಿಸುವಾಗ, ಅವನ ಬಾಯಿಂದ ಇದ್ದಕ್ಕಿದ್ದಂತೆ ತುಂಬು ಪಂಚಮ ಹೊರಡುತ್ತದೆ: ನಿನ್ನೆ ರಾತ್ರಿಯ ಬಾಕಿ.

ಇದರಲ್ಲಿ ಸೋಜಿಗವೆಂದರೆ, ಮಾಸ್ತರರು ಶ್ರುತಿ ಕೂಡಿಸಿದ ಆರು ತಂತಿಗಳು ಸ ಪ ಸ ಗ ಪ ಸ. ಪಂಚಮ ಪಕ್ಕದ ತಂತಿಯಲ್ಲಿ ಬಿಟ್ಟಿ ಸಿಗುತ್ತದೆ, ಒಮ್ಮೆ ಮೀಟಿದರಾಯಿತು. ಇದನ್ನು ಯಾರೋ ಸೂಚಿಸಿದ್ದಕ್ಕೆ, ಜಾರದೆ ಬಂದ ಪಂಚಮ ಪಂಚಮವೇ ಅಲ್ಲವೆಂದು ಉತ್ತರ ಬಂತು. ಗಣಿತ ಕಲಿಸಿದವರು, ದಾರಿ ತೋರಿಸದೆ ಉತ್ತರ ಬರೆದವರಿಗೆ ಅಂಕ ಕೊಟ್ಟವರಲ್ಲ. ಈ ಕೂಡಿಕೆಗೆ ತನ್ನದೇ ಬೇನೆಯೂ ಇದೆ. ಭೂಪದಂಥ ರಾಗಕ್ಕೆ ಅದು ಹಾಸಿದ ಹಾಸಿಗೆ; ಭೀಮಪಲಾಸಿಗೆ ಕೈ ಹಾಕಿದರೆ ಕೋಮಲ ಗಾಂಧಾರದ ಪಕ್ಕದಲ್ಲೇ ಕೊನೆಯಿಂದ ಮೂರನೇ ತಂತಿಯ ಶುದ್ಧ ಗಾಂಧಾರ ಕರೆಯದ ಬೀಗರ ಹಾಗೆ ದನಿಗೂಡಿಸುತ್ತದೆ. ಬೇಡದ ತಂತಿಯನ್ನು ಬಲ ಅಂಗೈಯಿಂದ ಮುಚ್ಚಿ ಸುಮ್ಮನಾಗಿಸುವುದು, ಉಕ್ಕಿನ ಹಿಂದಿನ ಕಿರ್ರೆನ್ನುವ ಸದ್ದನ್ನು ಎಡಗೈಯ ಉಳಿದ ಬೆರಳುಗಳಿಂದ ತಡೆಯುವುದು, ಇವು ನಿಜವಾದ ವಿದ್ಯೆ. ಈ ವಾದ್ಯದಲ್ಲಿ ನುಡಿಸುವುದಕ್ಕಿಂತ ಸುಮ್ಮನಾಗಿಸುವ ಕೆಲಸವೇ ಹೆಚ್ಚು. ನೆರೆಹೊರೆಯವರು ಇದನ್ನು ತುಂಬುಮನಸ್ಸಿನಿಂದ ಒಪ್ಪುತ್ತಾರೆ.

ಎರಡನೇ ವರ್ಷದ ಹೊತ್ತಿಗೆ ಕಲಿಯುವವನಿಗೆ ಜೊತೆಗಾರರ ಹುಚ್ಚು ಹಿಡಿಯುತ್ತದೆ. ಬೆಂಗಳೂರಿನಲ್ಲಿ ಪ್ರಕಾಶ್ ಸೊಂಟಕ್ಕೆಯವರಂಥ ಸ್ಲೈಡ್ ಗಿಟಾರ್ ಕಲಾವಿದರಿದ್ದಾರೆ, ಆದರೆ ಬೆಂಗಳೂರು ರಾತ್ರಿಯಿಡೀ ಬಸ್ಸಿನ ದಾರಿ. ಹಾಗಾಗಿ ಮಾಸ್ತರರು ತಾಲ್ಲೂಕುಗಳನ್ನೇ ಜರಡಿ ಹಿಡಿದರು. ರಾಯಬಾಗದಲ್ಲಿ ಭಜನಾ ಮಂಡಳಿಯವರು ಚಹಾ ಕೊಟ್ಟು, ಪೇಟಿ ಮುಂದಿಟ್ಟು, ಇದನ್ನೇ ಕಲಿಯಿರಿ ಎಂದರು. ಕಾಗವಾಡದಲ್ಲಿ ಎಲ್ಲರೂ ಮಿರಜಿನ ಕಡೆ ಕೈ ತೋರಿಸಿದರು. ನಿಪ್ಪಾಣಿಯಲ್ಲಿ ಮಾತ್ರ ಖಂಡಿತ ಒಬ್ಬನಿದ್ದಾನೆಂದು ಗೊತ್ತಾಯಿತು. ಹೋಗಿ ನೋಡಿದರೆ ಮದುವೆ ವರಾತಿನ ಬ್ಯಾಂಜೊ ಪಾರ್ಟಿಯ ಹುಡುಗ. ಆ ಬ್ಯಾಂಜೊ ಎಂಬುದು ಬುಲ್‌ಬುಲ್ ತರಂಗ್; ಅದರ ಮೂಲವಾದ ತೈಶೊಗೊತೊ ಎಂಬ ವಾದ್ಯ ಜಪಾನಿನ ನಾಗೋಯಾದಲ್ಲಿ 1912ರಲ್ಲಿ ಹುಟ್ಟಿದ್ದು. ಜಪಾನಿನಿಂದ ಬಂದದ್ದು ನಿಪ್ಪಾಣಿಯ ಮದುಮಗನ ಮುಂದೆ ಕುಣಿಯುತ್ತಿದೆ, ಹವಾಯಿಯಿಂದ ಬಂದದ್ದಕ್ಕೆ ಕೂರಲು ಜಾಗವಿಲ್ಲ. ಮಾಸ್ತರರಿಗೆ ಇದು ನೋವಿನ ವಿಷಯ. ಹುಡುಗ ಪಿಸ್ಟನ್ ಪಿನ್ ಎತ್ತಿ ನೋಡಿ, “ಕಾಕಾ, ಇದಕ್ಕ ಸ್ಪೀಕರ್ ಹಚ್ಚಿದ್ರ ಊರ ಏಳತದ” ಎಂದ. ಸದ್ಯ, ಸ್ಪೀಕರ್ ಬರಲಿಲ್ಲ.

ಕಡೆಗೆ ಸಿಕ್ಕವರು ಅಥಣಿಯ ಒಬ್ಬ ಮುದುಕರು. 1970ರ ದಶಕದಲ್ಲಿ ಸಾಂಗಲಿಯ ಕಡೆ ಆರ್ಕೆಸ್ಟ್ರಾದಲ್ಲಿ ನುಡಿಸಿದವರು. ಅಥಣಿಯ ಚಪ್ಪಲಿ ಹೊಲಿಯುವ ಕೈಗಳೇ ಹೊಲಿದುಕೊಟ್ಟ ತೊಗಲಿನ ಚೀಲದಲ್ಲಿ ಗಿಟಾರು ಇತ್ತು; ನಾಲ್ಕು ತಂತಿ ಇರಲಿಲ್ಲ, ಒಳಗೆ ಲೈಟ್ ಬಿಲ್ಲುಗಳಿದ್ದವು. ಮಿರಜಿನಿಂದ ತಂತಿ ತರಿಸಿ ಕಟ್ಟಿದ ದಿನ ಅವರು ಕೂಡಿಸಿಕೊಂಡದ್ದು ಪ ಸ ಪ ಸ ಗ ಪ. ಮಾಸ್ತರರದು ಸ ಪ ಸ ಗ ಪ ಸ. ಯಾವುದು ಸರಿ ಎಂಬ ವಾದ ಎರಡು ತಾಸು ನಡೆದು, ಮೂರು ಸಲ ಚಹಾ ಬಂದು, ಇಬ್ಬರೂ ತಮ್ಮ ತಮ್ಮ ಕೂಡಿಕೆಯಲ್ಲೇ ಉಳಿದರು. ಐದು ತಾಲ್ಲೂಕು ಸುತ್ತಿ ಹುಡುಕಿದ ಜೊತೆಗಾರನೊಡನೆ ಮಾಸ್ತರರು ಇಂದಿನವರೆಗೂ ಜೊತೆಯಾಗಿ ನುಡಿಸಿಲ್ಲ. ಒಬ್ಬರು ನುಡಿಸುವಾಗ ಇನ್ನೊಬ್ಬರು ಕಣ್ಣು ಮುಚ್ಚಿ ತಪ್ಪು ಎಣಿಸುತ್ತಾರೆ. ಉಕ್ಕನ್ನು ಸ್ವರದ ಸುತ್ತ ತುಸುವೇ ನಡುಗಿಸುವ ಕಂಪನವನ್ನು ಕಲಿಸಿ ಎಂದು ಮಾಸ್ತರರು ಕೇಳಿದಾಗ, ಮುದುಕರು ತಮ್ಮ ಎಡಗೈ ಮುಂದೆ ಚಾಚಿದರು. ಅದು ನಡುಗುತ್ತಿತ್ತು. “ನಾ ಏನ ಕಲಿಸ್ಲಿ ಸರ್ರ, ಈಗ ತಾನ ಬರ್ತದ” ಎಂದು ನಕ್ಕರು. ಆ ಕೈಯಲ್ಲೇ ಅವರು ಹಳೆಯ ಸಿನಿಮಾ ಹಾಡೊಂದನ್ನು ಅರ್ಧ ನುಡಿಸಿದರಂತೆ. ಉಳಿದರ್ಧ ಮರೆತಿತ್ತು.

ರವಿವಾರ ಮಾಸ್ತರರು ಬೆಳಗಿನ ಬಸ್ಸಿಗೆ ಅಥಣಿಗೆ ಹೋಗುತ್ತಾರೆ. ಗೋಡೆಯ ಈಚೆಯವನಿಗೆ ಅದು ವಾರದ ಬಿಡುವು. ಆ ರಾತ್ರಿ ಒಂಬತ್ತಕ್ಕೆ ಅವನು ಕಾಗದ ತೆಗೆದಿಟ್ಟು, ಗೋಡೆ ನೋಡುತ್ತ ಕೂರುತ್ತಾನೆ, ಒಂಬತ್ತೂವರೆಗೆ ದೀಪ ಆರಿಸುತ್ತಾನೆ. ಸೋಮವಾರ ಮತ್ತೆ ‘ಸಾ’ ಹೊರಡುತ್ತದೆ. ಅಥಣಿಯ ಪಾಠದ ಮೇಲೆ ಪಂಚಮ ಹತ್ತಕ್ಕೆ ಆರು ಸಲ ಒಳಗೆ ಬರುತ್ತದೆ. ಉಳಿದ ನಾಲ್ಕು ಸಲ ಗೋಡೆಯ ಈಚೆಯಿಂದ “ಇನ್ನೊಂದೀಟು ಮ್ಯಾಲ್ರಿ ಸರ್ರ” ಎಂಬ ಕೂಗು ಹೋಗುತ್ತದೆ, ಉಕ್ಕು ತುಸು ಸರಿಯುತ್ತದೆ.