ಸಂತಾಪರಾಯರು

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಹೋಟೆಲು ನಡೆಸುವವರು, ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು, ಯಕ್ಷಗಾನಕ್ಕೆ ಚಂದಾ ಎತ್ತುವವರು, ಚಂದಾ ಕೊಡದೆ ಮೊದಲ ಸಾಲಿನಲ್ಲಿ ಕುಳಿತುಕೊಳ್ಳುವವರು ಎಂದು ಹಲವು ವರ್ಗಗಳುಂಟು. ಆದರೆ ಈ ಯಾವ ವರ್ಗಕ್ಕೂ ಪೂರ್ಣವಾಗಿ ಸೇರದೆ, ಎಲ್ಲ ವರ್ಗದವರಿಗೂ ಬೇಕಾದವರಾಗಿ, ಗಣ್ಯರೊಬ್ಬರು ಇಹಲೋಕವನ್ನು ತ್ಯಜಿಸಿದ ವಾರ್ತೆ ಬಂದಾಗ ಮಾತ್ರ ಪೂರ್ಣತೇಜಸ್ಸಿನಿಂದ ಪ್ರಕಾಶಿಸತಕ್ಕ ಮಹನೀಯರೊಬ್ಬರು ಪ್ರತಿಯೊಂದು ಉಪನಗರದಲ್ಲಿಯೂ ಇದ್ದೇ ಇರುತ್ತಾರೆ. ಡೊಂಬಿವಲಿಯಲ್ಲಿ ಅವರು ನಿವೃತ್ತ ಮ್ಯಾನೇಜರರು. ಮುಲುಂಡದಲ್ಲಿ ನಿವೃತ್ತ ಹೆಡ್ಮಾಸ್ತರರು. ವಸಾಯಿಯಲ್ಲಿ, ಎಂದೂ ಯಾವ ಕೆಲಸದಲ್ಲಿಯೂ ಇರದಿದ್ದುದರಿಂದ ನಿವೃತ್ತರಾಗುವ ಪ್ರಸಂಗವೇ ಒದಗದವರು. ಹೆಸರುಗಳು ಬೇರೆಯಾದರೂ ತಳಿ ಒಂದೇ ಆದುದರಿಂದ ಅವರನ್ನೆಲ್ಲ ಸೇರಿಸಿ ಸಂತಾಪರಾಯರೆಂದು ಕರೆದರೆ ಅವರ ಆಕ್ಷೇಪಣೆಯಿರಲಾರದು; ಸಭೆಯ ವರದಿಯಲ್ಲಿ ಹೆಸರು ಬಂದರೆ ಸಾಕೆಂಬುದು ಅವರ ಬಾಳಿನ ನಿಲುವು.

ರಾಯರ ಹೆಗಲಚೀಲದಲ್ಲಿ ಒಂದು ಛತ್ರಿ, ಮಾತ್ರೆಯ ಡಬ್ಬಿ, ಮತ್ತು ದಾರದಿಂದ ಬಿಗಿದ ಒಂದು ಕಡತ ಸದಾ ಇರುತ್ತವೆ. ಕಡತದಲ್ಲಿರುವುದು ಮೃತರ ವಿವರಗಳೆಂದು ಹೊಸಬರು ತಿಳಿಯುವುದು ಸಹಜ. ವಾಸ್ತವವಾಗಿ ಅದರಲ್ಲಿರುವವರೆಲ್ಲರೂ ಜೀವಂತರು, ಎಂಬತ್ತನ್ನು ದಾಟಿದವರು. ಜನ್ಮಸ್ಥಳ, ವಿದ್ಯಾಭ್ಯಾಸ, ಕೃತಿಗಳ ಸಂಖ್ಯೆ, ಬಂದ ಪ್ರಶಸ್ತಿ, ಬರಬೇಕಾಗಿದ್ದು ತಪ್ಪಿಹೋದ ಪ್ರಶಸ್ತಿ ಎಲ್ಲವೂ ಒಬ್ಬೊಬ್ಬರಿಗೆ ಒಂದೊಂದು ಹಾಳೆಯಂತೆ ದುಂಡಗಿನ ಅಕ್ಷರಗಳಲ್ಲಿ ಸಿದ್ಧವಾಗಿದ್ದು, ಕೊನೆಯ ಪಂಕ್ತಿಯಲ್ಲಿ ಒಂದು ತಾರೀಖಿಗೆ ಮಾತ್ರ ಸ್ಥಳ ಬಿಟ್ಟಿರುತ್ತದೆ. ಇದರಲ್ಲಿ ಕ್ರೌರ್ಯವೇನೂ ಇಲ್ಲ. ಪತ್ರಿಕಾಲಯಗಳು ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ರಾಯರು ನಿಷ್ಕಾಮವಾಗಿ ಮಾಡುತ್ತಾರೆ, ಅಷ್ಟೆ. ಆದರೂ ವಯೋವೃದ್ಧ ಸಾಹಿತಿಗಳು, ರಾಯರು ಎದುರಾಗಿ “ಆರೋಗ್ಯ ಹೇಗಿದೆ ಸಾರ್?” ಎಂದು ಅಂತಃಕರಣಪೂರ್ವಕವಾಗಿ ವಿಚಾರಿಸಿದ ಕೂಡಲೆ, ಬರುತ್ತಿದ್ದ ಕೆಮ್ಮನ್ನು ನುಂಗಿಕೊಂಡು ಬೆನ್ನನ್ನು ನೇರಮಾಡಿಕೊಳ್ಳುವುದನ್ನು ನೋಡಿದವರಿದ್ದಾರೆ.

ಈ ನಗರದಲ್ಲಿ ಗಣ್ಯರು ಯಾವ ವಾರ ತೀರಿಕೊಂಡರೂ ಶೋಕವನ್ನು ಭಾನುವಾರವೇ ಆಚರಿಸತಕ್ಕದ್ದು. ಉಳಿದ ದಿನಗಳಲ್ಲಿ ಶೋಕಿಸುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ. ಭಾನುವಾರವೆಂದರೆ ರೈಲ್ವೆಯವರು ಹಳಿಗಳ ದುರಸ್ತಿಗೆಂದು ಮೆಗಾ ಬ್ಲಾಕ್ ಮಾಡುವ ದಿನ. 1926ರಲ್ಲಿ ಸ್ಥಾಪಿತವಾದ ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಾಗಲಿ, ಹಳಿಯ ಇನ್ನೊಂದು ಬದಿಗೆ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ಕರ್ನಾಟಕ ಸಂಘದ ಮಂದಿರದಲ್ಲಾಗಲಿ ನುಡಿನಮನದ ಸಭೆ ಐದು ಗಂಟೆಗೆಂದು ಗೊತ್ತಾದರೆ, ಠಾಣೆಯ ಕಡೆಯವರು ಐದೂವರೆಗೂ, ಕಲ್ಯಾಣದ ಕಡೆಯವರು ಆರಕ್ಕೂ ಏದುಸಿರು ಬಿಡುತ್ತ ಬಂದು ಸೇರುವುದರಿಂದ, ಒಂದು ನಿಮಿಷದ ಮೌನಾಚರಣೆಯನ್ನು ತಂಡತಂಡವಾಗಿ ನೆರವೇರಿಸಬೇಕಾಗುತ್ತದೆ. ರಾಯರು ಎಲ್ಲ ತಂಡಗಳೊಡನೆಯೂ ಎದ್ದು ನಿಲ್ಲುತ್ತಾರೆ. ಆಮೇಲೆ ಮೈಕಿನ ಮುಂದೆ ಬಂದು, “ದಿವಂಗತರಿಗೂ ನನಗೂ ಬಹಳ ಹತ್ತಿರದ ಸಂಬಂಧ” ಎಂದು ಆರಂಭಿಸುತ್ತಾರೆ. ಹತ್ತಿರವೆಂದರೆ ಎಷ್ಟೆಂಬುದಕ್ಕೆ ಸಾಕ್ಷಿಯಾಗಿ ಒಂದು ಭಾವಚಿತ್ರವನ್ನು ಸಭೆಯಲ್ಲಿ ಕೈಯಿಂದ ಕೈಗೆ ದಾಟಿಸುವುದುಂಟು: ನಡುವೆ ಹಾರ ಹಾಕಿಸಿಕೊಂಡ ದಿವಂಗತರು, ಸುತ್ತ ಪದಾಧಿಕಾರಿಗಳು, ಚಿತ್ರದ ಬಲ ಅಂಚಿನಲ್ಲಿ ಅರ್ಧ ಭುಜ ಮತ್ತು ಒಂದು ಕಿವಿ. ಆ ಕಿವಿ ರಾಯರದು.

ಇಂಥ ರಾಯರಿಗೆ 2019ರ ಡಿಸೆಂಬರಿನಲ್ಲಿ, ಪತ್ರಿಕೆಗಳೆಲ್ಲ ಹತ್ತು ವರ್ಷಗಳ ಲೆಕ್ಕ ಹಾಕತೊಡಗಿದ್ದನ್ನು ಕಂಡು, ಈ ದಶಕದಲ್ಲಿ ಯಾರ ಮರಣ ಅತ್ಯಂತ ಮಹತ್ವದ್ದೆಂಬುದನ್ನು ಮುಂಬಯಿ ಕನ್ನಡಿಗರ ಪರವಾಗಿ ಇತ್ಯರ್ಥ ಮಾಡಿಬಿಡಬೇಕೆಂಬ ಪ್ರೇರಣೆಯಾಯಿತು. ಮಾಟುಂಗಾ ಸ್ಟೇಷನ್ನಿನ ಎದುರಿಗೆ 1942ರಿಂದ ನಡೆದುಬಂದ ರಾಮ ನಾಯಕರ ಬೋರ್ಡಿಂಗಿನಲ್ಲಿ ಎಲೆಯ ಮುಂದೆ ಕುಳಿತವರು ಚರ್ಚಿಸುವುದಿಲ್ಲ, ಉಣ್ಣುತ್ತಾರೆ. ಆದುದರಿಂದ ಒಂದು ಲೋಟ ಕಾಫಿಗೆ ಒಂದು ಗಂಟೆ ಕುಳಿತರೂ ಮಾಣಿ ಮುಖ ಗಂಟಿಕ್ಕದ ಬೇರೊಂದು ಹೋಟೆಲಿನಲ್ಲಿ ಭಾನುವಾರಗಳ ಗೋಷ್ಠಿ ಸೇರಿತು. ಸದಸ್ಯರು: ಕಾಂದಿವಲಿಯ ಹೋಟೆಲು ಮಾಲೀಕರಾದ ಶೆಟ್ಟರು, ಧಾರವಾಡದ ಕಡೆಯ ಸಂಗೀತಪ್ರಿಯ ಮಾಸ್ತರರು, ಮಹಾನಗರಪಾಲಿಕೆಯ ಕನ್ನಡ ಶಾಲೆಯಿಂದ ನಿವೃತ್ತರಾದ ಅಂಧೇರಿಯ ಟೀಚರು, ವಿಜಯಾ ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಮೌನಿಗಳು, ಮತ್ತು ಬಿಲ್ಲಿನ ಪಾಲು ಕೊಡತಕ್ಕವನೆಂಬ ಕಾರಣದಿಂದ ನಾನು.

ರಾಯರು ಮೊದಲು ಕಾರ್ನಾಡರ ಹೆಸರನ್ನು ಮಂಡಿಸಿದರು. 2019ರ ಜೂನ್ 10ರಂದು ತೀರಿಕೊಂಡ ಗಿರೀಶ ಕಾರ್ನಾಡರು ‘ತುಘಲಕ್’ ಬರೆದರೆಂದಾಗಲಿ ಜ್ಞಾನಪೀಠ ಪಡೆದರೆಂದಾಗಲಿ ಅವರು ಹೇಳಲಿಲ್ಲ. ಅವರ ವಾದದ ಸರಣಿಯೇ ಬೇರೆ: ಕಾರ್ನಾಡರು 1938ರಲ್ಲಿ ಹುಟ್ಟಿದ್ದು ಮಾಥೇರಾನಿನಲ್ಲಿ; ಮಾಥೇರಾನಿಗೆ ಹೋಗಬೇಕಾದರೆ ಇಳಿಯಬೇಕಾದ್ದು ನೇರಳದಲ್ಲಿ; ನೇರಳವು ಕರ್ಜತ್ ಲೋಕಲಿನ ಹಾದಿಯಲ್ಲಿದೆ; ಆದುದರಿಂದ ಕಾರ್ನಾಡರು ಸೆಂಟ್ರಲ್ ಲೈನಿನವರು, ಎಂದರೆ ನಮ್ಮವರು. ಇದನ್ನು ಕೇಳಿ ಅಂಧೇರಿಯ ಟೀಚರು ಕಾಫಿಯ ಲೋಟವನ್ನು ಕೆಳಗಿಟ್ಟರು. “ಹಾಗಾದರೆ ಚಿತ್ತಾಲರು ವೆಸ್ಟರ್ನ್ ಲೈನಿನವರು. ಬಾಂದ್ರಾದಲ್ಲಿ ಸಮುದ್ರದ ಎದುರಿಗೇ ಮನೆ. ಹುಟ್ಟಿದ ಊರಿನ ಲೆಕ್ಕ ಬೇಡ ರಾಯರೇ, ಬದುಕಿದ ಊರಿನ ಲೆಕ್ಕ ಹೇಳಿ,” ಎಂದರು. ಹನೇಹಳ್ಳಿಯಿಂದ ಬಂದು, ರಾಸಾಯನಿಕ ಉದ್ಯಮದಲ್ಲಿ ದೊಡ್ಡ ಹುದ್ದೆಯಲ್ಲಿದ್ದುಕೊಂಡೇ ‘ಶಿಕಾರಿ’ಯನ್ನು ಬರೆದು, 2014ರ ಮಾರ್ಚ್ 22ರಂದು ಇದೇ ನಗರದಲ್ಲಿ ಕಣ್ಮುಚ್ಚಿದ ಯಶವಂತ ಚಿತ್ತಾಲರ ಹೆಸರನ್ನು ಕೇಳಿ ಎಲ್ಲರೂ ಗೌರವದಿಂದ ತಲೆಯಾಡಿಸಿದರು, ‘ಶಿಕಾರಿ’ಯನ್ನು ಕೊನೆಯವರೆಗೆ ಓದಿದ್ದವರು ಟೀಚರು ಒಬ್ಬರೇ ಎಂಬುದು ಆ ತಲೆಯಾಡಿಸುವಿಕೆಯ ವೇಗದಿಂದಲೇ ಗೊತ್ತಾಗುವಂತಿತ್ತು. ಲೋಕಲಿನ ಮೂರು ಜನರ ಬೆಂಚಿನಲ್ಲಿ ನಾಲ್ಕನೆಯವನಾಗಿ ತುದಿಗೆ ಅಂಟಿಕೊಂಡು, ಆಫೀಸಿನಲ್ಲಿ ತನ್ನ ಬೆನ್ನ ಹಿಂದೆ ಯಾರು ಏನು ಹೂಡಿದ್ದಾರೋ ಎಂದು ಅಂಜುತ್ತ ಹೋಗುವ ಮುಂಬಯಿ ಕನ್ನಡಿಗನ ಭಯಕ್ಕೆ ಭಾಷೆ ಕೊಟ್ಟವರು ಅವರು. ನನ್ನ ಮತ ಅವರಿಗೇ ಇತ್ತು. ನನ್ನನ್ನು ಯಾರೂ ಕೇಳಲಿಲ್ಲ.

“ಎಂಥ ಮಾರಾಯ್ರೆ ನೀವು, ಪುಸ್ತಕ ಪುಸ್ತಕ ಅಂತ!” ಎಂದರು ಶೆಟ್ಟರು. “ಜಾರ್ಜರು ಇಲ್ಲದಿದ್ದರೆ ನೀವೆಲ್ಲ ಊರಿಗೆ ಹೋಗ್ಲಿಕ್ಕೆ ಈಗಲೂ ಬಸ್ಸಿನಲ್ಲಿ ನಿಂಬೆಹಣ್ಣು ಮೂಸಿಕೊಂಡು ಘಾಟಿ ಇಳಿಯಬೇಕಿತ್ತು.” ಈ ವಾದಕ್ಕೆ ತೂಕವಿತ್ತೆಂಬುದನ್ನು ಒಪ್ಪಲೇಬೇಕು. ಮಂಗಳೂರಿನಿಂದ ಬರಿಗೈಯಲ್ಲಿ ಬಂದು ಚೌಪಾಟಿಯ ಬೆಂಚಿನ ಮೇಲೆ ಮಲಗಿ, ಟ್ಯಾಕ್ಸಿ ಚಾಲಕರನ್ನು ಸಂಘಟಿಸಿ, 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್. ಕೆ. ಪಾಟೀಲರಂಥವರನ್ನೇ ಸೋಲಿಸಿದ ಜಾರ್ಜ್ ಫರ್ನಾಂಡಿಸರು, 1990ರ ಹೊತ್ತಿಗೆ ರೈಲ್ವೆ ಮಂತ್ರಿಗಳಾಗಿದ್ದಾಗ ಕೊಂಕಣ ರೈಲ್ವೆಯ ನಿಗಮ ಹುಟ್ಟಿತು. 1998ರಲ್ಲಿ ಹಾದಿ ಪೂರ್ಣವಾಗಿ ತೆರೆಯಿತು. ಅಂದಿನಿಂದ ಕುರ್ಲಾದಲ್ಲಿ ಮತ್ಸ್ಯಗಂಧವನ್ನು ಹತ್ತಿ ಮಲಗಿದವನು ಎದ್ದಾಗ ಕರಾವಳಿಯಲ್ಲಿರುವಂತಾಯಿತು. “1974ರಾಗ ಇಪ್ಪತ್ತು ದಿನ ರೈಲು ನಿಲ್ಲಿಸಿದವರೂ ಅವರ ಅಲ್ಲೇನ್ರಿ?” ಎಂದು ಮಾಸ್ತರರು ಕೇಳಿದ್ದಕ್ಕೆ ಶೆಟ್ಟರು, ನಿಲ್ಲಿಸಲು ಬಲ್ಲವನೇ ಓಡಿಸಲೂ ಬಲ್ಲನೆಂದು ಉತ್ತರವಿತ್ತು, ಸೆಂಟ್ರಲ್ ವೆಸ್ಟರ್ನ್ ಎಂಬ ತಕರಾರನ್ನು ಒಂದೇ ಏಟಿಗೆ ಮುಗಿಸಿದರು: “ರೈಲ್ವೆ ಮಂತ್ರಿಗೆ ಎಲ್ಲ ಲೈನೂ ತನ್ನದೇ.”

ಮಾಸ್ತರರಿಗೆ ಈ ದಶಕದ ಮೇಲೆಯೇ ಗೌರವವಿರಲಿಲ್ಲ. ಅವರ ಪ್ರಕಾರ ಸಾವೆಂಬುದು ಘನತೆಯಿಂದ ಸಂಭವಿಸುತ್ತಿದ್ದುದು 1992ರವರೆಗೆ ಮಾತ್ರ. “ಜನವರಿಯೊಳಗ ಕುಮಾರ ಗಂಧರ್ವರು, ಏಪ್ರಿಲ್‌ನ್ಯಾಗ ಗೋಕಾಕರು, ಸಪ್ಟೆಂಬರ್‌ನ್ಯಾಗ ಮನ್ಸೂರರು, ನವೆಂಬರ್‌ನ್ಯಾಗ ಅಡಿಗರು. ಒಂದ ವರ್ಷದಾಗ! ನಿಮ್ಮ ಹತ್ತು ವರ್ಷ ತಂದು ಅದರ ಮುಂದ ಇಡ್ರಿ ನೋಡೋಣು.” ಈ ಸವಾಲಿನಿಂದ ರಾಯರು ಕುಗ್ಗಲಿಲ್ಲ, ಬದಲಾಗಿ ಹಿಗ್ಗಿದರು, ಏಕೆಂದರೆ ಗೋಕಾಕರು ಕೊನೆಯುಸಿರೆಳೆದದ್ದು ಮುಂಬಯಿಯಲ್ಲಿ, ಅವರಿಗಿಂತ ಮೊದಲು, 1981ರ ಅಕ್ಟೋಬರಿನಲ್ಲಿ, ಬೇಂದ್ರೆಯವರು ತೀರಿಕೊಂಡದ್ದೂ ಮುಂಬಯಿಯಲ್ಲಿಯೇ. “ಎರಡು ಜ್ಞಾನಪೀಠ ನಮ್ಮ ಖಾತೆಯಲ್ಲಿವೆ,” ಎಂದು ಅವರು ಹೇಳಿದ ಧ್ವನಿಯನ್ನು ಕೇಳಿದವರಿಗೆ, ಆ ಇಬ್ಬರು ಹಿರಿಯರು ಧಾರವಾಡದ ನೆಲವನ್ನು ಬಿಟ್ಟು ಇಲ್ಲಿಗೆ ಬಂದದ್ದು ಈ ಗೌರವವನ್ನು ನಮಗೆ ದಯಪಾಲಿಸುವುದಕ್ಕಾಗಿಯೇ ಎಂಬ ಭಾವನೆ ಬರುವಂತಿತ್ತು.

ಆಯ್ಕೆಯ ನಿಯಮಗಳಾದರೂ ಯಾವುವು? ಸರಕಾರ ರಜೆ ಕೊಟ್ಟಿತೇ ಎಂಬುದು ಒಂದು. ಈ ಅಳತೆಯಲ್ಲಿ ನೂರ ಹನ್ನೊಂದು ವರ್ಷ ಬಾಳಿದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳನ್ನು ಮೀರಿಸುವವರಿರಲಿಲ್ಲವಾದರೂ, ಕರ್ನಾಟಕದ ರಜೆ ಮಹಾರಾಷ್ಟ್ರದಲ್ಲಿ ನಡೆಯುವುದಿಲ್ಲವೆಂಬ ತಾಂತ್ರಿಕ ತೊಡಕು ಬಂದಿತು. ಹಾರ ಹಾಕುವುದಕ್ಕೆ ಅವಕಾಶವಿತ್ತೇ ಎಂಬುದು ಇನ್ನೊಂದು. ಇಲ್ಲಿ ಕಾರ್ನಾಡರು ತಮ್ಮ ಪಕ್ಷವನ್ನು ತಾವೇ ದುರ್ಬಲಗೊಳಿಸಿಕೊಂಡಿದ್ದರು: ಸರಕಾರಿ ಗೌರವ ಬೇಡ, ವಿಧಿಗಳು ಬೇಡ, ದರ್ಶನಕ್ಕಿಡುವುದೂ ಬೇಡ ಎಂಬ ಅವರ ಇಚ್ಛೆಯಂತೆಯೇ ಎಲ್ಲವೂ ನಡೆಯಿತೆಂಬುದನ್ನು ನೆನೆದು ರಾಯರು ನಿಟ್ಟುಸಿರು ಬಿಟ್ಟರು, ಸಂತಾಪಕ್ಕೆ ಎಡೆಗೊಡದೆ ಹೊರಟುಹೋಗುವುದು ಅವರ ದೃಷ್ಟಿಯಲ್ಲಿ ಒಂದು ಬಗೆಯ ಅಹಂಕಾರ. 2014ರ ಆಗಸ್ಟಿನಲ್ಲಿ ತೀರಿಕೊಂಡ ಅನಂತಮೂರ್ತಿಯವರ ಮಾತು ಬಂದಾಗ, ಅವರ ‘ಸಂಸ್ಕಾರ’ದ ಪ್ರಾಣೇಶಾಚಾರ್ಯರಾಗಿ ಸಿನಿಮಾದಲ್ಲಿ ಅಭಿನಯಿಸಿದವರು ಇದೇ ಕಾರ್ನಾಡರೆಂಬುದು ಯಾರಿಗೋ ನೆನಪಾಯಿತು. ಅಲ್ಲಿಯ ಅಗ್ರಹಾರದವರು ಒಂದು ಹೆಣದ ವಿಚಾರವಾಗಿ ಉಪವಾಸವಿದ್ದು ತರ್ಕಿಸುತ್ತಾರೆ. ನಮ್ಮವರು ಎರಡನೆಯ ಸುತ್ತು ಇಡ್ಲಿ ತರಿಸಿದರು.

ಆಗ, ಅಲ್ಲಿಯವರೆಗೆ ತುಟಿ ಬಿಚ್ಚದಿದ್ದ ಬ್ಯಾಂಕಿನ ಮೌನಿಗಳು ಗಂಟಲು ಸರಿಪಡಿಸಿಕೊಂಡು, “ವಿಜಯಾ ಬ್ಯಾಂಕು,” ಎಂದರು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾದ ತಮ್ಮ ಸಂಸ್ಥೆಗಿಂತ ದೊಡ್ಡ ಸಾವು ಈ ದಶಕದಲ್ಲಿ ಯಾವುದೆಂಬುದು ಅವರ ಪ್ರಶ್ನೆ. ಬ್ಯಾಂಕು ವ್ಯಕ್ತಿಯಲ್ಲವೆಂದು ರಾಯರು ತಳ್ಳಿಹಾಕಲೆತ್ನಿಸಿದಾಗ, ಕಾನೂನಿನ ಕಣ್ಣಿಗೆ ಅಂಥ ಸಂಸ್ಥೆಯೂ ವ್ಯಕ್ತಿಯೇ, ಅದರ ಹೆಸರಿನಲ್ಲಿ ದಾವೆ ಹೂಡಬಹುದು, ಅದರ ಮೇಲೂ ಹೂಡಬಹುದು, ಎಂದು ಅವರು ಶಾಂತವಾಗಿ ತಿಳಿಸಿದರು. ಕೂಡಲೆ ಶೆಟ್ಟರು ಜಾರ್ಜರನ್ನು ಮರೆತು ಅವರ ಕೈ ಹಿಡಿದುಕೊಂಡರು. ತಮ್ಮ ಮೊದಲ ಹೋಟೆಲಿನ ಸಾಲ ಅಲ್ಲಿಯದೇ ಎಂದರು. ಅಂದಿನ ಗೋಷ್ಠಿಯಲ್ಲಿ ಕಣ್ಣುಗಳು ನಿಜವಾಗಿ ತೇವಗೊಂಡದ್ದು ಆ ಒಂದು ಸಂದರ್ಭದಲ್ಲಿ ಮಾತ್ರ.

ಒಂದು ಹೆಸರನ್ನು ಮಾತ್ರ ಯಾರೂ ಎತ್ತಿರಲಿಲ್ಲ. ಎತ್ತಿದವರು ಟೀಚರು, ಎತ್ತಿದ ಕೂಡಲೆ ರಾಯರು ಧ್ವನಿಯನ್ನು ತಗ್ಗಿಸಿ ಬಾಗಿಲ ಕಡೆ ನೋಡಿದರು. 2012ರ ನವೆಂಬರ್ 17ರಂದು ಬಾಳಾ ಠಾಕರೆಯವರು ತೀರಿಕೊಂಡಾಗ ಈ ಮಹಾನಗರವು ಕದವಿಕ್ಕಿಕೊಂಡು ಕುಳಿತದ್ದನ್ನೂ, ಮರುದಿನ ಶಿವಾಜಿ ಪಾರ್ಕಿನ ಕಡೆಗೆ ಹರಿದ ಜನಸಾಗರವನ್ನೂ ಕಂಡವರಾರೂ ಮರೆಯಲಾರರು. ಅರುವತ್ತರ ದಶಕದ ಕೊನೆಯಲ್ಲಿ ಉಡುಪಿ ಹೋಟೆಲುಗಳ ಗಾಜು ಒಡೆದ ಕಾಲವನ್ನು ತಂದೆಯ ಬಾಯಿಂದ ಕೇಳಿದ್ದ ಶೆಟ್ಟರಂತೂ ಮೇಜನ್ನು ಒರೆಸುವ ನೆವದಿಂದ ತಲೆ ತಗ್ಗಿಸಿದರು. ಆ ಮರಣಕ್ಕಾಗಿ ನಗರವನ್ನು ಮುಚ್ಚಬೇಕಿತ್ತೇ ಎಂದು ಆಗ ಪಾಲ್ಘರಿನ ಹುಡುಗಿಯೊಬ್ಬಳು ಫೇಸ್‌ಬುಕ್ಕಿನಲ್ಲಿ ಕೇಳಿದಳು, ಇನ್ನೊಬ್ಬಳು ಅದನ್ನು ಮೆಚ್ಚಿದಳು. ಪೊಲೀಸರು ಇಬ್ಬರನ್ನೂ ಬಂಧಿಸಿದರು. ಯಾರ ಸಾವಿಗೆ ಎಷ್ಟು ತೂಕವೆಂಬ ಈ ವಿಚಾರ ಸುಪ್ರೀಂ ಕೋರ್ಟಿನವರೆಗೂ ನಡೆದು, 2015ರ ಮಾರ್ಚ್ 24ರಂದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಎಂಬ ಕಲಮೇ ಬಿದ್ದುಹೋಯಿತು. “ಆ ಹೆಸರು ಸ್ಪರ್ಧೆಯಿಂದ ಹೊರಗೆ ಇರಲಿ, ಅತ್ಯುಚ್ಚ ಸ್ಥಾನದಲ್ಲಿ, ಆದರೆ ಹೊರಗೆ,” ಎಂದು ರಾಯರು ತೀರ್ಪಿತ್ತರು. ಅವರ ವಿವೇಕದ ಬಗ್ಗೆ ನನಗೆ ಗೌರವ ಮೂಡಿದ್ದು ಅಂದು.

ಕಡೆಗೆ 29ನೆಯ ತಾರೀಖಿನ ಭಾನುವಾರ ಪಟ್ಟಿಗೆ ಮುದ್ರೆ ಒತ್ತುವುದೆಂದೂ, ಅಗ್ರಸ್ಥಾನ ಜಾರ್ಜರಿಗೆಂದೂ, ಚಿತ್ತಾಲರಿಗೆ ವೆಸ್ಟರ್ನ್ ಲೈನಿನ ಮಟ್ಟಿಗೆ ವಿಶೇಷ ಮನ್ನಣೆಯೆಂದೂ ಗೊತ್ತಾಗಿತ್ತು. ಅಂದು ಬೆಳಗ್ಗೆ ಉಡುಪಿಯಲ್ಲಿ ಪೇಜಾವರದ ವಿಶ್ವೇಶತೀರ್ಥ ಸ್ವಾಮಿಗಳು, ಐದು ಪರ್ಯಾಯಗಳನ್ನು ನಡೆಸಿದ ಎಂಬತ್ತೆಂಟರ ವೃದ್ಧ ಯತಿಗಳು, ಕಾಲವಶರಾದರು. ರಾಯರು ಸಾಂತಾಕ್ರೂಜದ ಮಠಕ್ಕೆ ಹೋಗಿ ತಡವಾಗಿ ಬಂದರು. ದುಃಖ ಅವರಿಗೆ ನಿಜವಾಗಿಯೂ ಆಗಿತ್ತು. ಆದರೆ ಶುದ್ಧಪ್ರತಿಗೆ ಬರೆದ ಪಟ್ಟಿಯನ್ನು ಮತ್ತೆ ಬಿಚ್ಚಬೇಕಾಗಿ ಬಂದ ಗುಮಾಸ್ತನ ಸಂಕಟವೂ ಆ ದುಃಖದೊಡನೆ ಬೆರೆತಿತ್ತು. “ಇನ್ನೂ ಎರಡು ದಿನ ಅದಾವ್ರಿ,” ಎಂದು ಮಾಸ್ತರರು ಎಚ್ಚರಿಸಿದರು. ಆಗ ಟೀಚರು, ಮೂವತ್ತು ವರ್ಷ ಗಣಿತ ಕಲಿಸಿದ ಅಧಿಕಾರದಿಂದ, ಸೊನ್ನೆಯ ವರ್ಷವೆಂಬುದು ಇರಲೇ ಇಲ್ಲವಾದ್ದರಿಂದ ದಶಕವು ಒಂದರಿಂದ ಆರಂಭವಾಗಿ ಹತ್ತರಲ್ಲಿ ಮುಗಿಯತಕ್ಕದ್ದೆಂದೂ, ಈ ದಶಕಕ್ಕೆ 2020 ಪೂರ್ತಿ ಬಾಕಿಯಿದೆಯೆಂದೂ ಸಾಧಿಸಿ ತೋರಿಸಿದರು. ಯಾವ ಪಕ್ಷದವರೂ ಪ್ರತಿವಾದಿಸಲಿಲ್ಲ. ರಾಯರ ಮುಖ ಅರಳಿತು. ಒಂದು ವರ್ಷ ಪೂರ್ತಿ ಕೈಯಲ್ಲಿದೆ!

ಬಿಲ್ಲನ್ನು ಶೆಟ್ಟರೂ ಬ್ಯಾಂಕಿನವರೂ ಪರಸ್ಪರ ಕಿತ್ತುಕೊಂಡು ಕೊನೆಗೆ ನನ್ನ ಕಡೆಗೆ ಸರಿಸಿದರು. ಸ್ಟೇಷನ್ನಿನ ಸೇತುವೆಯ ಮೆಟ್ಟಿಲು ಹತ್ತುವಾಗ ರಾಯರು ನನ್ನ ಉಸಿರಾಟವನ್ನು ಕ್ಷಣಕಾಲ ಗಮನಿಸಿ, ಕಡತದ ದಾರವನ್ನು ಸಡಿಲಿಸುತ್ತ, “ನಿಮ್ಮ ವಿವರ ಇನ್ನೂ ನನ್ನ ಹತ್ತಿರ ಇಲ್ಲ ನೋಡಿ. ಒಂದೇ ಪುಟ ಸಾಕು, ಅವಸರವೇನೂ ಇಲ್ಲ,” ಎಂದರು. ಪ್ಲಾಟ್‌ಫಾರ್ಮಿಗೆ ಇಳಿದ ಮೇಲೆ ಏನೋ ಹೊಳೆದವರಂತೆ ನಿಂತು ಸೇರಿಸಿದರು: “ಜೂನ್‌ನಿಂದ ಸೆಪ್ಟೆಂಬರಿನ ತನಕ ಮಾತ್ರ ಬೇಡ ಮಾರಾಯರೆ. ಸಯನ್ ಕುರ್ಲಾ ನಡುವೆ ಹಳಿಯ ಮೇಲೆ ನೀರು ನಿಂತರೆ ನಮ್ಮ ಡೊಂಬಿವಲಿಯವರು ಒಬ್ಬರೂ ಬರಲಾರರು.”