ಹೆಬ್ಬೆರಳು, ಕೈಗಡಿಯಾರ, ಚುರುಟು

ಚರ್ಚಿಲ್ ಅವರ ಆ ಸಿಡುಕು ಮೋರೆಯ ಫೋಟೊ ಇದೆಯಲ್ಲ, ಒಂದು ಕೈ ಸೊಂಟದ ಮೇಲೆ ಇಟ್ಟುಕೊಂಡು ದುರುಗುಟ್ಟಿ ನೋಡ್ತಿರೋದು, ಅದನ್ನು ನೋಡಿದಾಗಲೆಲ್ಲ ಪಾಪ ಹಿಟ್ಲರ್ ಕೆಟ್ಟ ಅನ್ನಿಸುತ್ತೆ. ಆದರೆ ಆ ಕೋಪ ಹಿಟ್ಲರನ ಮೇಲಲ್ಲ, ಎದುರಿಗಿದ್ದ ಫೋಟೊಗ್ರಾಫರ್ ಮೇಲೆ! 1941ರ ಡಿಸೆಂಬರ್ 30. ಕೆನಡಾದ ಒಟ್ಟಾವಾದಲ್ಲಿ ಪಾರ್ಲಿಮೆಂಟಿನ ಭಾಷಣ ಮುಗಿಸಿ ಪಕ್ಕದ ಕೋಣೆಗೆ ಬಂದರೆ, ಅಲ್ಲಿ ಯೂಸುಫ್ ಕಾರ್ಶ್ ದೀಪ, ಕ್ಯಾಮೆರಾ ಎಲ್ಲ ಹೂಡಿಕೊಂಡು ಕಾಯ್ತಿದ್ದಾರೆ. ನನಗೇಕೆ ಯಾರೂ ಹೇಳಲಿಲ್ಲ ಅಂತ ಗೊಣಗಿದ ಚರ್ಚಿಲ್, ಆಯ್ತು, ಒಂದೇ ಒಂದು ಫೋಟೊ ಅಂದು ಚುರುಟು ಹಚ್ಚಿಕೊಂಡು ನಿಂತರು. ಕಾರ್ಶ್ ಆಶ್‌ಟ್ರೇ ಹಿಡಿದರು. ಊಹೂಂ, ಬಿಡಲೊಲ್ಲರು. ಕೊನೆಗೆ ಆತ ಸೀದಾ ಹತ್ತಿರ ಹೋಗಿ, ಕ್ಷಮಿಸಿ ಸ್ವಾಮಿ ಅಂದವರೇ ಬಾಯಿಂದ ಚುರುಟು ಕಿತ್ತುಕೊಂಡು ಬಂದು ಕ್ಯಾಮೆರಾ ಒತ್ತಿಬಿಟ್ಟರು. ಯುದ್ಧದ ನಡುವೆ ಬ್ರಿಟನ್ನಿನ ಪ್ರಧಾನಿಯ ಬಾಯಿಗೆ ಕೈ ಹಾಕೋದು ಅಂದ್ರೆ ಎಂಥ ಗುಂಡಿಗೆ ಇರಬೇಕು, ಅಲ್ವಾ? ಆಮೇಲೆ ಚರ್ಚಿಲ್ ಅವರೇ ನಕ್ಕು ಇನ್ನೊಂದು ಫೋಟೊಗೂ ನಿಂತರು. ಆ ನಗುಮುಖದ ಫೋಟೊ ಯಾರಿಗೆ ನೆನಪಿದೆ ಹೇಳಿ!

ಈ ಫೋಟೊದ ಕಥೆ ಅಲ್ಲಿಗೇ ಮುಗೀಲಿಲ್ಲ. ಕಾರ್ಶ್ ವರ್ಷಗಟ್ಟಲೆ ಒಟ್ಟಾವಾದ ಷಾಟೋ ಲಾರಿಯೇ ಹೋಟೆಲಿನಲ್ಲೇ ವಾಸ ಇದ್ದವರು. ಅವರ ಸಹಿ ಇದ್ದ, ಈ ಫೋಟೊದ ಒಂದು ಪ್ರತಿ ಅಲ್ಲಿ ಗೋಡೆ ಮೇಲೆ ತೂಗುತ್ತಿತ್ತು. 2022ರ ಆಗಸ್ಟ್‌ನಲ್ಲಿ ಅಲ್ಲಿನ ಸಿಬ್ಬಂದಿಯೊಬ್ಬರಿಗೆ ಚೌಕಟ್ಟು ಯಾಕೋ ಪಕ್ಕದವುಗಳ ಹಾಗಿಲ್ಲವಲ್ಲ ಅನ್ನಿಸಿತು. ಇಳಿಸಿ ನೋಡಿದರೆ ಫೋಟೊ ನಕಲಿ, ಸಹಿಯೂ ನಕಲಿ! ಯಾರೋ ತಿಂಗಳುಗಳ ಹಿಂದೆಯೇ ಅಸಲಿ ಎತ್ತಿಕೊಂಡು ಹೋಗಿ ಇದನ್ನು ನೇತುಹಾಕಿದ್ದರು. ಅಷ್ಟು ದಿನ ಅದರ ಕೆಳಗೇ ಓಡಾಡಿದವರಿಗೆ ಒಬ್ಬರಿಗೂ ತಿಳೀಲಿಲ್ಲ ನೋಡಿ. ಕಡೆಗೆ 2024ರಲ್ಲಿ ಇಟಲಿಯ ಜಿನೋವಾದಲ್ಲಿ ಅಸಲಿ ಸಿಕ್ಕಿತು.

ಚುರುಟನ್ನು ಫೋಟೊ ಹೊಡೆಯುವ ಮೊದಲೇ ಕಿತ್ತರು, ಆಯ್ತು. ಹೊಡೆದ ಮೇಲೆ ಕಿತ್ತಿದ್ದೂ ಉಂಟು. ಬರ್ಲಿನ್ನಿನ ರೈಷ್‌ಟಾಗ್ ಕಟ್ಟಡದ ನೆತ್ತಿ ಮೇಲೆ ಸೋವಿಯತ್ ಸೈನಿಕರು ಕೆಂಬಾವುಟ ಹಾರಿಸೋ ಚಿತ್ರ, ಯೆವ್ಗೆನಿ ಖಾಲ್ದೇಯ್ 1945ರ ಮೇ 2ರಂದು ತೆಗೆದದ್ದು. ಆ ಬಾವುಟ ಏನು ಗೊತ್ತಾ? ಮೇಜಿನ ಮೇಲೆ ಹಾಸೋ ಕೆಂಪು ಬಟ್ಟೆ! ಮಾಸ್ಕೋದಲ್ಲಿ ಗೊತ್ತಿದ್ದ ದರ್ಜಿಯೊಬ್ಬರ ಕೈಲಿ ಹೊಲಿಸಿಕೊಂಡು, ಬರ್ಲಿನ್ನಿಗೆ ಹೊತ್ತುಕೊಂಡೇ ಬಂದಿದ್ದರು. ಫೋಟೊ ಏನೋ ಚೆನ್ನಾಗಿ ಬಂತು. ಆದರೆ ಮಾಸ್ಕೋದ ಸಂಪಾದಕರ ಕಣ್ಣು ಬಾವುಟ ಬಿಟ್ಟು ಕೆಳಗೆ ಆಸರೆಯಾಗಿ ನಿಂತವನ ಕೈ ಮೇಲೆ ಬಿತ್ತು. ಎರಡೂ ಮಣಿಕಟ್ಟಿಗೆ ಒಂದೊಂದು ಗಡಿಯಾರ! ಒಬ್ಬ ಮನುಷ್ಯನಿಗೆ ಎರಡು ಗಡಿಯಾರ ಯಾಕೆ? ಒಂದು ಲೂಟಿ ಮಾಲು ಅಂತ ಜನ ಆಡಿಕೊಳ್ಳೋದಿಲ್ವೇ? ಒಂದು ದಿಕ್ಸೂಚಿ ಇದ್ದಿರಬೇಕು ಅಂತ ವಾದಿಸೋರೂ ಇದ್ದಾರೆ. ಏನೇ ಇರಲಿ, ಸೂಜಿ ತಗೊಂಡು ನೆಗೆಟಿವ್ ಮೇಲೆ ಕೆರೆದು ಒಂದನ್ನು ಅಳಿಸಿದರು. ಹಿಂದಿನ ಹೊಗೆಯನ್ನೂ ಇನ್ನಷ್ಟು ದಟ್ಟ ಮಾಡಿದರು.

ನಮ್ಮ ಕಡೆ ಸ್ಟುಡಿಯೊಗಳಲ್ಲಿ ಇದಕ್ಕೆ ‘ಟಚಿಂಗ್’ ಅಂತಿದ್ದರಲ್ಲ, ನೆನಪಿದೆಯಾ? ಓರೆ ಗಾಜಿನ ಮೇಲೆ ನೆಗೆಟಿವ್ ಇಟ್ಟುಕೊಂಡು, ಸೂಜಿಯಷ್ಟು ಚೂಪಾದ ಪೆನ್ಸಿಲ್ ಹಿಡಿದು ಮುಖದ ಮೇಲಿನ ಮಚ್ಚೆ, ಗುಳಿ ಎಲ್ಲ ಮುಚ್ಚುತ್ತಿದ್ದರು. ನಮ್ಮ ಸೋದರತ್ತೆಗೆ ಚಿಕ್ಕಂದಿನಲ್ಲಿ ಸಿಡುಬು ಎದ್ದು ಕೆನ್ನೆ ತುಂಬ ಕಲೆ. ಗಂಡಿನ ಕಡೆಯವರಿಗೆ ಕಳಿಸಲು ತೆಗೆಸಿದ ಫೋಟೊದಲ್ಲಿ ಮಾತ್ರ ಕೆನ್ನೆ ನುಣ್ಣಗೆ. ಅಜ್ಜಿ ಅದನ್ನು ಕೈಗೆತ್ತಿಕೊಂಡಾಗಲೆಲ್ಲ, ‘ಇದ್ಯಾವ ಮನೆ ಹುಡುಗೀನೋ, ನನ್ನ ಮಗಳಂತೂ ಅಲ್ಲ’ ಅನ್ನೋರು. ಹೆತ್ತವಳಿಗೆ ಆ ಕಲೆಯೂ ಮಗಳೇ, ಅಲ್ವಾ?

ಅಳಿಸಿದ್ದರಲ್ಲಿ ನನ್ನ ಮನಸ್ಸಿಗೆ ತೀರಾ ಹತ್ತಿರದ್ದು ಡೊರೊಥಿಯಾ ಲ್ಯಾಂಗ್ ತೆಗೆದ ‘ಮೈಗ್ರೆಂಟ್ ಮದರ್’. 1936, ಕ್ಯಾಲಿಫೋರ್ನಿಯಾದ ನಿಪೊಮೊ. ಬಟಾಣಿ ಬಿಡಿಸೋ ಕೂಲಿಗಳ ಬಿಡಾರ ಅನ್ನೋ ಫಲಕ ನೋಡಿ, ನೋಡದವರ ಹಾಗೆ 20 ಮೈಲಿ ಮುಂದೆ ಹೋದ ಲ್ಯಾಂಗ್‌ಗೆ ಮನಸ್ಸು ತಡೀಲಿಲ್ಲ, ಕಾರು ತಿರುಗಿಸಿ ವಾಪಸ್ ಬಂದರು. ಗಲ್ಲಕ್ಕೆ ಕೈಯೂರಿ ಕೂತ ತಾಯಿ, ಆ ಕಡೆ ಈ ಕಡೆ ಮುಖ ಮರೆಸಿಕೊಂಡ ಮಕ್ಕಳು, ಮಡಿಲಲ್ಲಿ ಕೂಸು. ಫೋಟೊದ ಬಲಗಡೆ ಕೆಳಮೂಲೆಯಲ್ಲಿ ಡೇರೆಯ ಕಂಬ ಹಿಡಿದ ಒಂದು ಹೆಬ್ಬೆರಳೂ ಬಿದ್ದಿತ್ತು. ಲ್ಯಾಂಗ್‌ಗೆ ಅದು ಕಣ್ಣಿಗೆ ಚುಚ್ಚುತ್ತಿತ್ತು. ಕೆಲವು ವರ್ಷ ಬಿಟ್ಟು ಅದನ್ನು ಅಳಿಸಿಸಿದರು. ಲ್ಯಾಂಗ್ ಕೆಲಸ ಮಾಡುತ್ತಿದ್ದ ಸರ್ಕಾರಿ ಫೋಟೊ ವಿಭಾಗದ ಮುಖ್ಯಸ್ಥ ರಾಯ್ ಸ್ಟ್ರೈಕರ್ ಗರಂ ಆದರು, ದಾಖಲೆಯನ್ನು ತಿದ್ದೋದಾ ಅಂತ. ಅಳಿಸಿದ್ದೂ ಪೂರ್ತಿ ಅಳಿದಿಲ್ಲ ನೋಡಿ. ಈಗಲೂ ಆ ಮೂಲೆಯಲ್ಲಿ ಕಣ್ಣು ಕಿರಿದು ಮಾಡಿ ನೋಡಿದರೆ ಬೆರಳಿನ ನೆರಳು ಕಾಣುತ್ತೆ.

ಬೆರಳಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡ ಲ್ಯಾಂಗ್ ಆ ತಾಯಿಯ ಹೆಸರನ್ನೇ ಕೇಳಿರಲಿಲ್ಲ. ಚಿತ್ರ ಪತ್ರಿಕೆಯಲ್ಲಿ ಬಂದು, ಸರ್ಕಾರ 20,000 ಪೌಂಡ್ ಆಹಾರ ಕಳಿಸುವಷ್ಟರಲ್ಲಿ ಆಕೆಯ ಸಂಸಾರ ಮುಂದಿನ ಊರಿಗೆ ಕೂಲಿ ಹುಡುಕಿಕೊಂಡು ಹೊರಟುಹೋಗಿತ್ತು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್, ಆಗ 32 ವರ್ಷ, ಚೆರೋಕಿ ಮೂಲದವರು ಅಂತ ಲೋಕಕ್ಕೆ ಗೊತ್ತಾಗಿದ್ದು 1978ರಲ್ಲಿ. ಮುಖ ಮನೆಮನೆಗೆ ಪರಿಚಯ, ಹೆಸರು ಮಾತ್ರ 42 ವರ್ಷ ನಾಪತ್ತೆ! ಆ ಫೋಟೊದಿಂದ ನನಗೆ ಬಿಡಿಗಾಸೂ ಬರಲಿಲ್ಲ, ಹೆಸರು ಕೂಡ ಕೇಳಲಿಲ್ಲ ಅಂತ ಆಕೆ ನೊಂದುಕೊಂಡರು. ಬೇಜಾರಾಗದೆ ಇರುತ್ತಾ?

ಈಗಂತೂ ಫೋನಿನಲ್ಲಿ ಬೆರಳು ಸವರಿದರೆ ಸಾಕು, ಹಿಂದೆ ನಿಂತವರು, ಹಗ್ಗದ ಮೇಲಿನ ಬಟ್ಟೆ, ಕೆನ್ನೆಯ ಕಲೆ ಎಲ್ಲ ಮಂಗಮಾಯ. ಅಳಿಸೋರು ಅಳಿಸಲಿ, ಅಸಲಿಯನ್ನೂ ಒಂದು ಕಡೆ ಇಟ್ಟುಕೊಳ್ಳಿ ಅಂತೀನಿ. ಆ ಹಗ್ಗ, ಆ ಬಟ್ಟೆ ನೋಡಿಯೇ ತಾನೇ ಇದು ಯಾವ ಮನೆ, ಯಾವ ಹಬ್ಬ ಅಂತ ನಾಳೆ ಯಾರಾದರೂ ಗುರುತು ಹಿಡಿಯೋದು? ಮತ್ತೆ, ನಿಮ್ಮ ಅಟ್ಟದ ಮೇಲಿರೋ ಆ ಹಳೇ ಆಲ್ಬಂ ಈ ಭಾನುವಾರ ಇಳಿಸಿ. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇವರ‍್ಯಾರು, ಅವರ‍್ಯಾರು ಅಂತ ಕೇಳಿ ಪ್ರತಿ ಫೋಟೊದ ಹಿಂದೆ ಸೀಸದ ಕಡ್ಡಿಯಲ್ಲಿ ಹೆಸರು ಬರೆದುಬಿಡಿ. ಪೆನ್ನು ಬೇಡ, ಮಸಿ ಮುಂದಕ್ಕೆ ಇಳಿದು ಮುಖ ಕೆಡುತ್ತೆ.